ಟಿಕೋಟಾದ ಅಳಿಯ ಸೋತ ಬಗೆ

ಮದುವೆಯಾದ ಮೊದಲ ದೀಪಾವಳಿಗೆ ಹೆಂಡತಿಯ ತವರಿಗೆ ಹೋದ ಸಿದ್ದಲಿಂಗೇಶನಿಗೆ ಬೀಗರು ಹೊಸ ಬಟ್ಟೆ ಕೊಟ್ಟರು, ಉಂಗುರ ಹಾಕಿದರು. ಹೊರಡುವ ಹೊತ್ತಿಗೆ ಹೆಂಡತಿಯ ತಮ್ಮ ಚೇತನಕುಮಾರ ಒಳಗಿನಿಂದ ಓಡಿಬಂದು ಒಂದು ಚೀಲವನ್ನೂ ಕೈಗಿಟ್ಟ. ಟಿಕೋಟಾಕ್ಕೆ ಬಂದು ಪಡಸಾಲೆಯಲ್ಲಿ ಚೀಲ ಬಿಚ್ಚಿದರೆ ಎರಡೂ ತುದಿ ಚೂಪಾದ, ಬಣ್ಣ ಮಾಸಿದ ಚೆಂಡೊಂದು ಉರುಳಿ ಹೊರಗೆ ಬಿತ್ತು. ಸಿದ್ದಲಿಂಗೇಶನ ತಾಯಿ ಮುರಿಗೆವ್ವ ಸೀರೆ ಎತ್ತಿಕೊಂಡು ಹಿಂದಕ್ಕೆ ಸರಿದಳು.

“ಯಪ್ಪಾ, ಬೀಗರು ತತ್ತಿ ಕೊಟ್ಟು ಕಳಿಸ್ಯಾರಲ್ಲೋ! ಲಿಂಗ ಕಟ್ಟಿದವರ ಮನಿಗೆ!”

“ತತ್ತಿ ಅಲ್ಲ ಬೇ, ಚೆಂಡು. ರಗ್ಬಿ ಅಂತ ಒಂದು ಆಟ ಐತಿ.”

“ಚೆಂಡಾದ್ರ ದುಂಡಗ ಇರಬೇಕಲ್ಲ?”

ಸಿದ್ದಲಿಂಗೇಶ ಚೆಂಡನ್ನು ಎತ್ತಿ ಮತ್ತೆ ಚೀಲಕ್ಕೆ ತುರುಕಿದ. ಅವನ ಹೆಂಡತಿ ನಂದಾ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆ ಸೇರಿದಳು.

ಚೇತನಕುಮಾರನ ಮನೆ ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿತ್ತು. ತೊರವಿ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಅವನು ಆಟದ ಮಾಸ್ತರ. ತರಬೇತಿಗೆಂದು ಪುಣೆಯಲ್ಲಿದ್ದಾಗ ರಗ್ಬಿಯ ಹುಚ್ಚು ಹಿಡಿಸಿಕೊಂಡು ಬಂದಿದ್ದ. ಊರಿಗೆ ಬಂದವನೇ ಗೆಳೆಯರನ್ನು ಕೂಡಿಸಿ ಒಂದು ತಂಡ ಕಟ್ಟಿದ. ತಂಡವಾಯಿತು, ಎದುರಾಳಿ ಎಲ್ಲಿ? ಹೀಗಾಗಿ ಸಿಕ್ಕಸಿಕ್ಕ ನೆಂಟರ ಊರಿಗೆಲ್ಲ ಒಂದೊಂದು ಹಳೆಯ ಚೆಂಡು ಹಂಚಿದ. ತೊರವಿಯಲ್ಲಿ ಒಂದು ತಂಡವಾಯಿತು, ಬಬಲೇಶ್ವರದಲ್ಲಿ ಇನ್ನೊಂದು. ಟಿಕೋಟಾದ ಪಾಲಿಗೆ ಸಿದ್ದಲಿಂಗೇಶ ಬಂದ. ಒಂದು ಕಡೆ ಏಳು ಜನ, ಹತ್ತು ನಿಮಿಷದ ಎರಡು ಭಾಗ, ಭಾನುವಾರಕ್ಕೊಂದು ಪಂದ್ಯ. ಇಷ್ಟಾದ ಮೇಲೆ ಅದಕ್ಕೆ ‘ಲೀಗ್’ ಎಂದು ಹೆಸರೂ ಇಟ್ಟರು.

ಟಿಕೋಟಾದ ಬಸ್‌ನಿಲ್ದಾಣದ ಹತ್ತಿರ ಸಿದ್ದಲಿಂಗೇಶನದು ದ್ರಾಕ್ಷಿ ಔಷಧದ ಅಂಗಡಿ. ಬೂದಿ ರೋಗಕ್ಕೆ ಯಾವ ಪುಡಿ, ಕೊಳೆ ರೋಗಕ್ಕೆ ಯಾವ ನೀರು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಆದರೆ ಆಟದಲ್ಲಿ ಯಾವ ಕಡೆ ಓಡಬೇಕೆಂಬುದೇ ಅವನಿಗೆ ಮೊದಮೊದಲು ಗೊತ್ತಾಗುತ್ತಿರಲಿಲ್ಲ. ಮೊದಲ ಪಂದ್ಯದಲ್ಲಿ ಗದ್ದಲಕ್ಕೆ ಗಾಬರಿಯಾಗಿ ತಮ್ಮದೇ ಗೆರೆಯತ್ತ ಓಡಿದ್ದ. ಆದರೂ ಅವನೇ ನಾಯಕ. ಚೆಂಡು ಅವನದಾಗಿತ್ತಲ್ಲ.

ಉಳಿದವರೂ ಹೀಗೇ ಕೂಡಿದವರು. ಇರ್ಫಾನ ಹೊನವಾಡದ ಹುಡುಗ. ವಿಜಯಪುರದ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ. ದಿನಾ ಬೆಳಿಗ್ಗೆ ಹೊರಟ ಬಸ್ಸನ್ನು ಓಡಿ ಹಿಡಿದೇ ಅವನ ಕಾಲು ಪಳಗಿದ್ದವು. ಭಾಗಪ್ಪನದು ಕಟಿಂಗ್ ಅಂಗಡಿ. ಗುರಿಯಿಟ್ಟು ಚೆಂಡು ಒದೆಯುವುದು ಅವನೊಬ್ಬನಿಗೇ ಬರುತ್ತಿತ್ತು. ಲಾಡಲೇಸಾಬನಿಗೆ ನಲವತ್ತು ದಾಟಿತ್ತು. ಒಣದ್ರಾಕ್ಷಿ ಹೇರುವ ಟೆಂಪೊ ಅವನದು. ಮೊದಲ ಪಂದ್ಯಕ್ಕೆ ತಂಡವನ್ನು ಕರೆದೊಯ್ದ ಡ್ರೈವರ್ ಅವನು. ಒಬ್ಬ ಕಡಿಮೆ ಬಿದ್ದ. “ಕಾಕಾ, ಸುಮ್ಮ ನಿಂದರ್ರಿ ಸಾಕು, ನಿಮ್ಮನ್ನ ದಾಟಿ ಹೋಗಾಕ ಅವರಿಗೆ ಹೊತ್ತು ಹಿಡೀತೈತಿ” ಎಂದು ಇಳಿಸಿಕೊಂಡರು. ಅಂದು ನಿಂತವನು ನಿಂತೇಬಿಟ್ಟ. ಇನ್ನು ಮೂವರು ದ್ರಾಕ್ಷಿ ತೋಟದ ಗೆಳೆಯರು, ಎದುರಿನವರನ್ನು ಕೆಡವಲು ಹೇಳಿದರೆ “ಪೆಟ್ಟಾತೇನ್ರಿ?” ಎಂದು ಕೇಳಿ ಎಬ್ಬಿಸುವಂಥ ಒಳ್ಳೆಯವರು.

ಇಂಥ ತಂಡ ಆ ವರ್ಷ ಆಡಿದ್ದೆಲ್ಲ ಸೋತಿತ್ತು. ಸೋಲಿರಲಿ, ಒಂದೇ ಒಂದು ಅಂಕ ಗಳಿಸಿರಲಿಲ್ಲ. ಇನ್ನು ಉಳಿದದ್ದು ಕೊನೆಯ ಪಂದ್ಯ, ಅದೂ ಚೇತನಕುಮಾರನ ವಿಜಯಪುರ ತಂಡದ ಮೇಲೆ, ಬಬಲೇಶ್ವರದ ಬಯಲಿನಲ್ಲಿ.

ಆ ಭಾನುವಾರ ಬೆಳಿಗ್ಗೆ ಲಾಡಲೇಸಾಬನ ಟೆಂಪೊದಲ್ಲಿ ತಂಡದ ಜೊತೆ ಮುರಿಗೆವ್ವನೂ ಹತ್ತಿದಳು. ಮಗ ಪ್ರತಿ ವಾರ ಎಲ್ಲಿ ಹೋಗಿ ಮೊಣಕಾಲು ಕೆತ್ತಿಸಿಕೊಂಡು ಬರುತ್ತಾನೆಂದು ಕಣ್ಣಾರೆ ನೋಡಬೇಕಿತ್ತು. ನಂದಾ ರೊಟ್ಟಿ ಬುತ್ತಿ ಕಟ್ಟಿದ್ದಳು. ಆಟಗಾರರಿಗೆಂದು ಒಂದು ಬುಟ್ಟಿ ಮೋಸಂಬಿ ಬೇರೆ.

“ನೀ ಯಾರ ಕಡೆ ಇವತ್ತು?” ಸಿದ್ದಲಿಂಗೇಶ ಕೇಳಿದ.

“ನಾ ಯಾರ ಕಡೆನೂ ಇಲ್ಲ ನೋಡ್ರಿ. ಅಲ್ಲಿ ತಮ್ಮ, ಇಲ್ಲಿ ಗಂಡ. ಯಾರು ಬಿದ್ರೂ ನಾನ ಅರಿಶಿಣ ಹಚ್ಚಬೇಕು. ಸುಮ್ಮ ಮೋಸಂಬಿ ಸುಲೀತೀನಿ.”

“ನ್ಯಾಯ ಅಂದ್ರ ಇದು ನೋಡು ಸಿದ್ದು,” ಎಂದ ಲಾಡಲೇಸಾಬ ಗೇರು ಬದಲಿಸುತ್ತ. “ನಮ್ಮ ಮನ್ಯಾಗ ನನ್ನ ಹೇಣ್ತಿ ಪೀರಾಂಬಿ, ಟೀವ್ಯಾಗ ಕ್ರಿಕೆಟ್ ಹಚ್ಚಿದ್ರ ಎದುರಿನ ಟೀಮಿಗೇ ಚಪ್ಪಾಳಿ ಹೊಡೀತಾಳ, ನನಗ ಸಿಟ್ಟು ಬರಲಿ ಅಂತ.”

ಬಬಲೇಶ್ವರದ ಊರಾಚೆ ಎರೆಮಣ್ಣಿನ ಬಯಲು. ಎರಡೂ ತುದಿಗೆ ಬಿದಿರಿನ ಕಂಬ ನೆಟ್ಟು ನಡುವೆ ಅಡ್ಡಲಾಗಿ ಒಂದು ಗಳ ಕಟ್ಟಿದ್ದರು. ಸುಣ್ಣದ ಗೆರೆ ಎಳೆದು ಸೀಟಿ ಕೊರಳಿಗೆ ಹಾಕಿಕೊಂಡು ನಿಂತವರು ನಿವೃತ್ತ ಮಾಸ್ತರ ಗುರುಪಾದಯ್ಯ. ಜೀವಮಾನವೆಲ್ಲ ಕಬಡ್ಡಿ ಆಡಿಸಿದ ಅವರು ಈಗ ರಗ್ಬಿಯ ನಿಯಮಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ಬೇವಿನ ಮರದ ಕೆಳಗೆ ನಂದಾಳ ತಾಯಿ ವಿದ್ಯಾವತಿ ಆಗಲೇ ಜಮಖಾನೆ ಹಾಸಿ ಕೂತಿದ್ದಳು. ಬೀಗತಿಯರಿಬ್ಬರೂ ಕ್ಷೇಮ ಸಮಾಚಾರ ಮುಗಿಸಿ ಅಕ್ಕಪಕ್ಕ ಕೂತರು. ನಂದಾ ಅವರಿಬ್ಬರ ನಡುವೆ ಬುಟ್ಟಿ ಇಟ್ಟುಕೊಂಡು ಕೂತಳು, ಗಡಿ ಕಾಯುವವಳ ಹಾಗೆ.

ಮಾಸ್ತರರು ಸೀಟಿ ಊದಿದರು. ಮುರಿಗೆವ್ವ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ ಸೊಸೆಯನ್ನು ತಿವಿದಳು.

“ನಂದಾ, ಇವರು ಮುಂದ ಹೋಗಬೇಕೋ ಹಿಂದ ಹೋಗಬೇಕೋ?”

“ಮುಂದ ಹೋಗಬೇಕ್ರಿ ಅತ್ತಿ. ಆ ಕಂಬದ ಗೆರಿ ಆಚಿಗೆ ಚೆಂಡು ನೆಲಕ್ಕ ಮುಟ್ಟಿಸಿದ್ರ ಐದು ಅಂಕ, ಅದಕ್ಕ ಟ್ರೈ ಅಂತಾರ. ಆಮ್ಯಾಲ ಕಂಬದ ನಡುವ ಒದ್ರ ಮತ್ತ ಎರಡು.”

“ಮತ್ತ ಚೆಂಡು ಹಿಂದಕ್ಯಾಕ ಒಗೀತಾರ?”

“ಕೈಲೆ ಮುಂದ ಒಗೀಬಾರದ್ರಿ. ಹಿಂದಿನವರಿಗೇ ಕೊಡಬೇಕು. ಚೆಂಡು ಹಿಡಕೊಂಡವ ಮುಂದ ಓಡಬೇಕು.”

“ಇದನ್ನ ಮಾಡಿದಂವ ಯಾರೋ ಸರ್ಕಾರಿ ಆಫೀಸಿನಂವ ಇರಬೇಕು,” ಎಂದಳು ಮುರಿಗೆವ್ವ.

ಚೇತನಕುಮಾರನ ತಂಡ ಮಾತ್ರ ಮುಂದೆ ಹೋಗುವುದನ್ನು ಚೆನ್ನಾಗಿ ಕಲಿತಿತ್ತು. ಅವನು “ಇಡ್ಲಿ!” ಎಂದು ಕೂಗುತ್ತಿದ್ದ, ಚೆಂಡು ಒಂದು ಕಡೆ ಹಾರುತ್ತಿತ್ತು; “ವಡಾ!” ಎನ್ನುತ್ತಿದ್ದ, ಇನ್ನೊಂದು ಕಡೆ ಹಾರುತ್ತಿತ್ತು. ಟಿಕೋಟಾದವರು ಬಾಯಿ ಬಿಟ್ಟುಕೊಂಡು ಅತ್ತ ಇತ್ತ ತಿರುಗುವಷ್ಟರಲ್ಲಿ ಚೆಂಡು ಗೆರೆಯಾಚೆ ಇರುತ್ತಿತ್ತು. ಲಾಡಲೇಸಾಬ ಒಮ್ಮೆ ತನ್ನ ಪಕ್ಕದಲ್ಲೇ ಓಡಿದವನನ್ನು ಅಪ್ಪಿಕೊಳ್ಳಲು ಹಾರಿ ಬರೀ ಗಾಳಿ ಅಪ್ಪಿಕೊಂಡು ಬಿದ್ದ. ಎರೆಮಣ್ಣಿನಲ್ಲಿ ಅವನ ಅಚ್ಚು ಮೂಡಿತು. ಸಿದ್ದಲಿಂಗೇಶನ ಕೈಗೆ ಒಮ್ಮೆ ಚೆಂಡು ಬಂತು. ಅದನ್ನು ಹಿಡಿದಿದ್ದೇನೆಂದು ಅವನಿಗೆ ನಂಬಿಕೆಯಾಗುವ ಮೊದಲೇ ಇಬ್ಬರು ಬಂದು ಕೆಡವಿದರು.

ಮೊದಲ ಅರ್ಧ ಮುಗಿದಾಗ ವಿಜಯಪುರ ಇಪ್ಪತ್ತೆಂಟು, ಟಿಕೋಟಾ ಸೊನ್ನೆ.

ಟಿಕೋಟಾದವರು ಬೇವಿನ ಮರದ ಕೆಳಗೆ ಬಂದು ಕುಸಿದರು. ನಂದಾ ಮೋಸಂಬಿ ತೊಳೆಗಳನ್ನು ತಾಟಿನಲ್ಲಿ ಹರಡಿ ಅವರ ಮುಂದಿಟ್ಟಳು. ಇರ್ಫಾನ ಕೈ ಚಾಚುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ಕೈ ಬಂದು ತಾಟಿನ ಅರ್ಧ ಬಾಚಿಕೊಂಡಿತು. ಚೇತನಕುಮಾರ!

“ಅಕ್ಕಾ, ಇವರಿಗೆ ಯಾಕ ಹಾಳ ಮಾಡ್ತಿ ಮೋಸಂಬಿ? ಓಡಿದವರು ತಿನ್ನಬೇಕು. ಇವರು ಬರೇ ನಿಂತು ನೋಡ್ಯಾರ,” ಎಂದು ಬಾಯಿ ತುಂಬ ಹಾಕಿಕೊಂಡು, ಎಣ್ಣೆ ಹಚ್ಚಿ ತೀಡಿದ ಮೀಸೆಯ ಮೇಲಿನ ರಸ ಒರೆಸಿಕೊಂಡ.

“ಚೇತ್ಯಾ, ಅದು ಅವರದು. ನಿಮ್ಮವರಿಗೆ ಬ್ಯಾರೆ ಇಟ್ಟೇನಿ,” ಎಂದಳು ನಂದಾ.

“ಮಾಮಾ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದು ಅವನು ಸಿದ್ದಲಿಂಗೇಶನ ಹೆಗಲು ತಟ್ಟಿದ. “ನಿಮ್ಮ ಟೀಮು ಒಂದ ಒಂದು ಟ್ರೈ ಹೊಡೀಲಿ, ಇಲ್ಲೇ ಕುಂತು ಈ ಮೀಸಿ ಬೋಳಿಸಿಕೋತೀನಿ.”

“ಮಾತು ಕೊಟ್ಟಿ?” ನಂದಾ ಎದ್ದು ನಿಂತಿದ್ದಳು.

“ಕೊಟ್ಟೆ. ಅವ್ವನ ಮುಂದ ಕೊಟ್ಟೆ.”

“ಏ ಚೇತ್ಯಾ, ಸುಳ್ಳ ಮೀಸಿ ಮ್ಯಾಲ ಹೋಗಬ್ಯಾಡ,” ಎಂದು ವಿದ್ಯಾವತಿ ಹೇಳುವಷ್ಟರಲ್ಲಿ ಅವನು ಇನ್ನೆರಡು ತೊಳೆ ಎತ್ತಿಕೊಂಡು ಹೊರಟೇ ಹೋದ.

ಭಾಗಪ್ಪ ಮೆಲ್ಲಗೆ ತಲೆ ಎತ್ತಿದ. “ನನ್ನ ಸಾಮಾನು ಟೆಂಪೊದಾಗ ಐತಿ. ಸಂಜೀಕ ಇಲ್ಲಿ ನಮ್ಮ ಬೀಗರ ಮನ್ಯಾಗ ಹುಡುಗರ ಕೂದ್ಲ ಕತ್ತರಿಸೂದಿತ್ತು. ಬ್ಲೇಡು ಹೊಸದು.”

ಯಾರೋ ಕಿಸಕ್ಕನೆ ನಕ್ಕರು. ನಂದಾ ನಗಲಿಲ್ಲ. ಖಾಲಿಯಾದ ತಾಟು ಕೈಯಲ್ಲಿ ಹಿಡಿದು ಗಂಡನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

“ನೋಡ್ರಿ, ಇಡ್ಲಿ ಅಂದ್ರ ಅವರು ಎಡಕ್ಕ ಒಗೀತಾರ. ವಡಾ ಅಂದ್ರ ಬಲಕ್ಕ. ಮನ್ಯಾಗ ಅಡಗಿಮನಿ ಬಾಗಲದಾಗ ನಿಂತು ಅದನ್ನ ಬಾಯಿಪಾಠ ಮಾಡ್ತಿದ್ದ. ನಾ ದ್ವಾಸಿ ಹುಯ್ಕೋತ ಕೇಳೀನಿ. ಇನ್ನೊಂದು. ಅವನ ಎದುರಿಗೆ ಯಾರರ ಬಂದ್ರ ಅಂವ ಬಲಕ್ಕ ಜಿಗೀತಾನ. ಯಾವಾಗಲೂ ಬಲಕ್ಕ. ನಮ್ಮ ಓಣ್ಯಾಗ ಎಡಗಡೆ ತೆರೆದ ಗಟಾರ ಇತ್ತು. ಸಣ್ಣಂವ ಇದ್ದಾಗ ಎರಡು ಸಲ ಅದರಾಗ ಬಿದ್ದು ಅವ್ವನ ಕಡೆ ಹೊಡಿಸಿಕೊಂಡಾನ. ಅವತ್ತಿನಿಂದ ಎಡಕ್ಕ ಕಾಲ ಇಡಂಗಿಲ್ಲ.”

ಟಿಕೋಟಾದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿದ್ದಲಿಂಗೇಶ ದನಿ ತಗ್ಗಿಸಿದ.

“ನಂದಾ, ಇದು ಮೋಸ ಆಗಂಗಿಲ್ಲೇನು?”

“ತವರುಮನಿಯಿಂದ ತಂದದ್ದಕ್ಕ ಯಾರರ ಮೋಸ ಅಂತಾರೇನು? ಉಡುಗೊರಿ ಅಂತಾರ,” ಎಂದಳು ನಂದಾ.

ಲಾಡಲೇಸಾಬ ಎರಡು ಕೈ ನೆಲಕ್ಕೂರಿ ಎದ್ದ. “ಯವ್ವಾ, ನೀ ಮೊದಲ ಹೇಳಿದ್ರ ನಾ ಇಷ್ಟು ಸಲ ಬೀಳ್ತಿದ್ದಿಲ್ಲಲ್ಲಬೇ!”

ಎರಡನೆಯ ಅರ್ಧ ಶುರುವಾಯಿತು. ಭಾಗಪ್ಪ ಚೆಂಡನ್ನು ಒದ್ದು ಅತ್ತ ಕಳಿಸಿದ. ವಿಜಯಪುರದವರು ಹಿಡಿದರು. ಚೇತನಕುಮಾರ ಕೂಗಿದ: “ವಡಾ!”

ಚೆಂಡು ಬಲಕ್ಕೆ ಹಾರಿತು. ಹಾರುವ ಮೊದಲೇ ಇರ್ಫಾನ ಅಲ್ಲಿದ್ದ. ನಡುಗಾಳಿಯಲ್ಲೇ ಕಿತ್ತುಕೊಂಡು ಓಡತೊಡಗಿದ. ಹೊನವಾಡದ ಬಸ್ಸು ಕಣ್ಣೆದುರೇ ಹೊರಟಿದೆಯೇನೋ ಎಂಬಂತೆ ಓಡಿದ. ಹಿಂದೆ ಬಂದ ಮೂವರು ಅವನ ಧೂಳನ್ನಷ್ಟೇ ಮುಟ್ಟಿದರು. ಎರಡು ಕಂಬದ ನಟ್ಟನಡುವೆ ಚೆಂಡು ನೆಲಕ್ಕಿಟ್ಟು, ಮುಂದೇನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತ. ಯಾರಿಗೂ ತಿಳಿಯಲಿಲ್ಲ. ಟಿಕೋಟಾದವರಿಗೆ ಇಂಥ ಅನುಭವವೇ ಇರಲಿಲ್ಲ.

ಗುರುಪಾದಯ್ಯ ಮಾಸ್ತರರು ಸೀಟಿ ಊದಿದ ಮೇಲೆ ಲಾಡಲೇಸಾಬ ಆಕಾಶ ನೋಡಿ ಒಂದೇ ಶಬ್ದ ಕೂಗಿದ: “ಮೀಸಿ!”

ಆಮೇಲೆ ಏಳೂ ಜನ “ಮೀಸಿ! ಮೀಸಿ!” ಎಂದು ಕುಣಿಯತೊಡಗಿದರು. ಭಾಗಪ್ಪ ನಗುತ್ತಲೇ ಒದ್ದ ಚೆಂಡು ಕಂಬದ ನಡುವೆ ಹೋಯಿತು. ಏಳು ಅಂಕ. ಮಾಸ್ತರರು ಗದರಿದರು, “ಏ, ಇನ್ನೂ ಆಟ ಐತ್ರೋ! ಕುಣಿಯೂದು ಆಮ್ಯಾಲ.”

ಆಟ ಇನ್ನೂ ಇದೆ ಎಂಬುದು ಅವರಿಗೆ ಆಗ ನೆನಪಾಯಿತು. ಬೇಕಾದದ್ದು ಸಿಕ್ಕಾಗಿತ್ತು, ಇನ್ನು ಕಳೆದುಕೊಳ್ಳುವುದು ಏನೂ ಇರಲಿಲ್ಲ. ಆವರೆಗೆ ಚೆಂಡು ಬಂದರೆ ಬಿಸಿ ಹಂಚು ಬಂದಂತೆ ಬೆಚ್ಚುತ್ತಿದ್ದವರು ಈಗ “ನನಗ ಕೊಡು, ನನಗ ಕೊಡು” ಎಂದು ಕೂಗಾಡತೊಡಗಿದರು.

ಮುಂದಿನ ಸಲ ಚೇತನಕುಮಾರ ತಾನೇ ಚೆಂಡು ಹಿಡಿದು ನುಗ್ಗಿದ. ಸಿದ್ದಲಿಂಗೇಶ ಎದುರಿಗೆ ಬಂದ. ಚೇತನ ಬಲಕ್ಕೆ ಜಿಗಿದ. ಅಲ್ಲಿ ಲಾಡಲೇಸಾಬ ನಿಂತಿದ್ದ. ಅವನು ಏನೂ ಮಾಡಲಿಲ್ಲ, ನಿಂತಿದ್ದನಷ್ಟೆ. ಚೇತನ ಅವನಿಗೆ ಢಿಕ್ಕಿ ಹೊಡೆದು ಕೂತ. ಚೆಂಡು ಅವನ ಕೈಯಿಂದ ಹಾರಿ ಬಿತ್ತು. ಲಾಡಲೇಸಾಬ ಬಗ್ಗಿ ಅದನ್ನು ಎತ್ತಿಕೊಂಡು ಹೊರಟ. ಅದನ್ನು ಓಟವೆನ್ನಲು ಬಾರದು, ಏರು ದಾರಿಯಲ್ಲಿ ಹೇರು ತುಂಬಿದ ಟೆಂಪೊ ಹೋಗುವ ಹಾಗೆ ಹೊರಟ. ಒಬ್ಬ ಬಂದು ಕಾಲಿಗೆ ಜೋತುಬಿದ್ದ, ಇನ್ನೊಬ್ಬ ಸೊಂಟಕ್ಕೆ, ಮತ್ತೊಬ್ಬ ಕೊರಳಿಗೆ. ಲಾಡಲೇಸಾಬ ಮೂವರನ್ನೂ ಹೊತ್ತುಕೊಂಡೇ ಗೆರೆ ದಾಟಿದ, ನಾಲ್ವರೂ ಒಂದೇ ರಾಶಿಯಾಗಿ ಚೆಂಡಿನ ಮೇಲೆ ಬಿದ್ದರು.

“ನಮ್ಮ ಹುಡುಗರನ್ನ ಎಬ್ಬಿಸ್ರೋ, ಉಸಿರು ಕಟ್ಟೀತು!” ಎಂದು ವಿದ್ಯಾವತಿ ಕೂಗಿದಳು.

“ಅವರ ಬಂದು ಜೋತು ಬಿದ್ದಾರ್ರಿ ಬೀಗತ್ಯಾರ, ನಮ್ಮವರು ಕರೆದಿಲ್ಲ,” ಎಂದಳು ಮುರಿಗೆವ್ವ. ಅಷ್ಟು ಹೊತ್ತಿಗೆ ಅವಳು ಜಮಖಾನೆ ಬಿಟ್ಟು ಸುಣ್ಣದ ಗೆರೆಯವರೆಗೆ ಬಂದುಬಿಟ್ಟಿದ್ದಳು.

ಭಾಗಪ್ಪನ ಒದೆತ ಮತ್ತೆ ಗುರಿ ಮುಟ್ಟಿತು. ಹದಿನಾಲ್ಕು.

ಚೇತನಕುಮಾರ ಮಣ್ಣು ಕೊಡವಿಕೊಂಡು ಬೇವಿನ ಮರದತ್ತ ನೋಡಿದ. ಅಕ್ಕ ತಲೆ ಬಗ್ಗಿಸಿ ಭಾರಿ ಲಕ್ಷ್ಯಗೊಟ್ಟು ಮೋಸಂಬಿ ಸುಲಿಯುತ್ತಿದ್ದಳು. ಅವನಿಗೆ ತಿಳಿಯಿತು.

“ಅಕ್ಕಾ!” ಎಂದು ಕೂಗಿದ.

“ಏನಪಾ? ಮೋಸಂಬಿ ಬೇಕೇನು?”

ಅವನು ಹಲ್ಲು ಕಚ್ಚಿ ತನ್ನವರನ್ನು ಹತ್ತಿರ ಕರೆದು ಪಿಸುಗುಟ್ಟಿದ: ಇನ್ನು ಮುಂದೆ ಇಡ್ಲಿ ಎಂದರೆ ಬಲಕ್ಕೆ, ವಡಾ ಎಂದರೆ ಎಡಕ್ಕೆ. ಎಲ್ಲರೂ ತಲೆಯಾಡಿಸಿದರು. ಚೆಂಡು ಬಂತು. “ಇಡ್ಲಿ!” ಎಂದ ಚೇತನ. ಅವನ ತಂಡದ ಅರ್ಧ ಜನ ಹೊಸ ಇಡ್ಲಿಯ ಕಡೆ ಓಡಿದರು, ಅರ್ಧ ಜನ ಹಳೆಯ ಇಡ್ಲಿಯ ಕಡೆ. ನಡುವೆ ಇಬ್ಬರ ಹಣೆ ಹಣೆ ಕೂಡಿ ಟಕ್ ಎಂದು ಸದ್ದಾಯಿತು. ಯಾರೂ ಇಲ್ಲದ ಜಾಗದಲ್ಲಿ ಬಿದ್ದು ಪುಟಿಯುತ್ತಿದ್ದ ಚೆಂಡನ್ನು ಭಾಗಪ್ಪ ಎತ್ತಿಕೊಂಡು ಮೂಲೆಯತ್ತ ಓಡಿ ಗೆರೆಯಾಚೆ ಬಿದ್ದ. ಮೂಲೆಯಿಂದ ಒದೆಯುವುದು ಕಷ್ಟ. ಈ ಸಲ ಚೆಂಡು ಕಂಬದ ಹೊರಗಿನಿಂದ ಹೋಯಿತು. ಹತ್ತೊಂಬತ್ತು.

ಆಮೇಲೆ ವಿಜಯಪುರದವರು ಬಾಯಿ ಮುಚ್ಚಿಕೊಂಡು ಆಡಿದರು. ಸನ್ನೆಯಿಲ್ಲ, ಕೂಗಿಲ್ಲ. ಚೇತನಕುಮಾರ ಚೆಂಡನ್ನು ಬಲವಾಗಿ ಒದ್ದು ಟಿಕೋಟಾದವರ ಗೆರೆಯ ಹತ್ತಿರಕ್ಕೇ ಕಳಿಸಿದ. ಇನ್ನು ನಂದಾ ಹೇಳಿಕೊಟ್ಟದ್ದು ಯಾವುದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಮುಂದೆ ಇಡೀ ಬಯಲು ಬಿದ್ದಿತ್ತು.

ಹಿಡಿದವನು ತೋಟದ ಗೆಳೆಯರಲ್ಲೊಬ್ಬ. ಅವನು ನಾಲ್ಕು ಹೆಜ್ಜೆ ಓಡಿ ಹಿಂದೆ ಕೊಟ್ಟ. ಹಿಂದಿದ್ದವನು ಇನ್ನೊಬ್ಬನಿಗೆ ಕೊಟ್ಟ. ಭಾಗಪ್ಪನಿಗೆ ಬಂತು, ಭಾಗಪ್ಪನಿಂದ ಇರ್ಫಾನನಿಗೆ. ಎದುರಿನವರು ಇರ್ಫಾನನ ಮೇಲೆ ಬೀಳುವಷ್ಟರಲ್ಲಿ ಅವನು ಲಾಡಲೇಸಾಬನ ಕೈಗಿಟ್ಟಿದ್ದ. ಲಾಡಲೇಸಾಬ ಇಬ್ಬರನ್ನು ಮೈಮೇಲೆ ಎಳೆದುಕೊಂಡು, ಬೀಳುತ್ತ ಬೀಳುತ್ತ, ನೋಡದೆಯೇ ಹಿಂದಕ್ಕೆ ಚೆಂಡು ಬಿಟ್ಟ. ಅಲ್ಲಿ ಸಿದ್ದಲಿಂಗೇಶ ಇದ್ದ. ಹೊಲದಲ್ಲಿ ಕೈಯಿಂದ ಕೈಗೆ ದ್ರಾಕ್ಷಿ ಬುಟ್ಟಿ ದಾಟಿಸಿದಷ್ಟು ಸಲೀಸಾಗಿ ಚೆಂಡು ಇಡೀ ತಂಡವನ್ನು ಹಾಯ್ದು ಬಂದಿತ್ತು. ಇಂಥದ್ದನ್ನು ಅವರು ಅಭ್ಯಾಸದಲ್ಲೂ ಒಮ್ಮೆಯೂ ಮಾಡಿರಲಿಲ್ಲ. ಸಿದ್ದಲಿಂಗೇಶ ಸರಿಯಾದ ಗೆರೆಯೋ ಅಲ್ಲವೋ ಎಂದು ಒಮ್ಮೆ ನೋಡಿಕೊಂಡು ಓಡಿದ. ಕಂಬದ ನಡುವೆ ಚೆಂಡನ್ನು ಎರಡೂ ಕೈಯಿಂದ ನೆಲಕ್ಕೊತ್ತಿ, ಅದರ ಮೇಲೆ ಎದೆ ಇಟ್ಟು ಮಲಗಿದ. ಕಿವಿಯಲ್ಲಿ ತನ್ನ ಉಸಿರಿನ ಸದ್ದು ಬಿಟ್ಟರೆ ಬೇರೆ ಏನೂ ಕೇಳಲಿಲ್ಲ. ಎಬ್ಬಿಸಲು ಬಂದ ಭಾಗಪ್ಪ, “ಏಳೋ ಮಾರಾಯ, ಚೆಂಡು ಬಿಡು, ನಾ ಒದೀಬೇಕು” ಎನ್ನಬೇಕಾಯಿತು.

ಒದ್ದ. ಹೋಯಿತು. ಇಪ್ಪತ್ತಾರು.

ಈಗ ಬಯಲಿನ ಸುತ್ತ ಜನ ಸೇರಿತ್ತು. ರಸ್ತೆಯಲ್ಲಿ ಹೋಗುತ್ತಿದ್ದವರು ಬೈಕು ನಿಲ್ಲಿಸಿದ್ದರು. ಬಬಲೇಶ್ವರದವರಿಗೆ ಇವರೂ ಬೀಗರಲ್ಲ, ಅವರೂ ಬೀಗರಲ್ಲ. ಆದರೂ ಸೊನ್ನೆಯಿಂದ ಎದ್ದವರೆಂದು ಟಿಕೋಟಾದ ಕಡೆಯೇ ಕೂಗುತ್ತಿದ್ದರು. ಗುರುಪಾದಯ್ಯ ಮಾಸ್ತರರು ಗಡಿಯಾರ ನೋಡಿ, “ಇದ ಕಡೀದು” ಎಂದರು.

ಭಾಗಪ್ಪ ಚೆಂಡನ್ನು ದೂರ ಒದೆಯಲಿಲ್ಲ, ಎತ್ತರಕ್ಕೆ ಒದ್ದ. ಇರ್ಫಾನ ಎಲ್ಲರಿಗಿಂತ ಮೇಲೆ ಜಿಗಿದು ಅದನ್ನು ಹಿಂದಕ್ಕೆ ತಟ್ಟಿದ. ಸಿದ್ದಲಿಂಗೇಶ ಹಿಡಿದು ಓಡಿದ. ಒಬ್ಬನನ್ನು ದಾಟಿದ, ಇನ್ನೊಬ್ಬ ಜಾರಿ ಬಿದ್ದ. ಗೆರೆಗೂ ಅವನಿಗೂ ನಡುವೆ ಉಳಿದವನು ಒಬ್ಬನೇ, ಚೇತನಕುಮಾರ. ಪಕ್ಕದಲ್ಲಿ ಇರ್ಫಾನ ಎದ್ದು ಓಡಿ ಬರುತ್ತಿದ್ದ. “ಅಣ್ಣಾ! ಅಣ್ಣಾ!” ಎಂದು ಕೂಗುತ್ತಿದ್ದ. ಸಿದ್ದಲಿಂಗೇಶನಿಗೆ ಅದು ಕೇಳಿಸಿತು. ಆದರೆ ಅವನ ತಲೆಯಲ್ಲಿ ಹೆಂಡತಿಯ ಮಾತೇ ತುಂಬಿತ್ತು: ಅಂವ ಯಾವಾಗಲೂ ಬಲಕ್ಕ. ಅವನು ಚೇತನನ ಎಡಗಡೆಯಿಂದ ನುಗ್ಗಿದ.

ಚೇತನಕುಮಾರ ಕಣ್ಣು ಮುಚ್ಚಿದ, ಆಮೇಲೆ ಇಡೀ ಮೈಯನ್ನು ಎಡಕ್ಕೆ ಎಸೆದ.

ಎರಡೂ ತೋಳು ಭಾವನ ಕಾಲಿಗೆ ಸುತ್ತಿಕೊಂಡವು. ಸಿದ್ದಲಿಂಗೇಶ ಉದ್ದಕ್ಕೆ ಬಿದ್ದ. ಚೆಂಡು ಕೈಯಿಂದ ಜಾರಿ, ಗೆರೆಗೆ ಒಂದು ಮೊಳ ಈಚೆ ನೆಲಕ್ಕೆ ಬಡಿದು ಮುಂದಕ್ಕೆ ಉರುಳಿಹೋಯಿತು. ಉದ್ದನೆಯ ಸೀಟಿ. ಆಟ ಮುಗಿಯಿತು. ವಿಜಯಪುರ ಇಪ್ಪತ್ತೆಂಟು, ಟಿಕೋಟಾ ಇಪ್ಪತ್ತಾರು.

ಸಿದ್ದಲಿಂಗೇಶ ತಲೆ ಎತ್ತಿದಾಗ ಕಂಡದ್ದು ಇರ್ಫಾನನ ಕಾಲುಗಳು. ಅವನ ಮುಂದೆ ಗೆರೆಯವರೆಗೆ ಒಬ್ಬನೂ ಇರಲಿಲ್ಲ.

“ನಿನಗ ಕೊಡಬೇಕಾಗಿತ್ತು,” ಎಂದ ಸಿದ್ದಲಿಂಗೇಶ.

“ಹೌದ್ರಿ ಅಣ್ಣಾ, ಕೊಡಬೇಕಾಗಿತ್ತು,” ಎಂದ ಇರ್ಫಾನ. ಕೈ ಹಿಡಿದು ಎಬ್ಬಿಸಿದ. “ಆದ್ರ ನಾನೂ ಚೆಂಡು ಕೈಬಿಡ್ತಿದ್ನೋ ಏನೋ. ಯಾರಿಗೆ ಗೊತ್ತು? ಒಟ್ಟ ಎಂಥಾ ಆಟ ಆತ್ರಿ!”

ಮುರಿಗೆವ್ವ ಗೆರೆ ದಾಟಿ ನೇರ ಒಳಗೇ ಬಂದಳು. ಮಗನ ಮೊಣಕಾಲು, ಮೊಣಕೈ ಎಲ್ಲ ಮುಟ್ಟಿ ನೋಡಿ, ಮುರಿದಿಲ್ಲವೆಂದು ಖಾತ್ರಿಯಾದ ಮೇಲೆ ಚೇತನಕುಮಾರನ ಕಡೆ ತಿರುಗಿದಳು.

“ಯಪ್ಪಾ, ಹಬ್ಬಕ್ಕ ಕರೆದು ಉಂಗುರ ಹಾಕಿದ ಅಳಿಯನ್ನ ಹಿಂಗ ಕಾಲ ಹಿಡಿದು ಕೆಡವತಾರೇನೋ?”

“ಅತ್ತಿ, ಕಾಲ ಹಿಡದೀನಲ್ಲ, ಇನ್ನ ಎಷ್ಟು ಮರ್ಯಾದಿ ಕೊಡ್ಲಿ?” ಎಂದ ಚೇತನ ಏದುಸಿರಿನಲ್ಲೇ.

ನಂದಾ ತಮ್ಮನ ಮುಂದೆ ಬಂದು ನಿಂತಳು. ಗೆದ್ದ ತಮ್ಮನಿಗೆ ಶಹಬ್ಬಾಸ್ ಹೇಳಬೇಕೋ, ಕಿವಿ ಹಿಂಡಬೇಕೋ ಎಂದು ಅವಳಿಗೆ ಗೊತ್ತಾಗಲಿಲ್ಲ.

“ಅಲ್ಲೋ, ನೀ ಎಡಕ್ಕ ಹೆಂಗ ಬಿದ್ದಿ?”

“ಗಟಾರಕ್ಕ ಕಲ್ಲು ಮುಚ್ಯಾರಲ್ಲ ಅಕ್ಕಾ. ನೀ ತವರಿಗೆ ಬಂದು ಎಷ್ಟು ದಿನ ಆತು?”

ಅಕ್ಕ ತಮ್ಮ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ವಿಜಯಪುರದವರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಟಿಕೋಟಾದವರು ಅದರ ನಡುವೆ ಹಾಯ್ದು ಬಂದರು. ಲಾಡಲೇಸಾಬ ಮದುಮಗನ ಹಾಗೆ ಬಲಗೈ ಎದೆಗಿಟ್ಟು ಎಲ್ಲರಿಗೂ ಸಲಾಂ ಮಾಡುತ್ತ ನಡೆದ. ಗುರುಪಾದಯ್ಯ ಮಾಸ್ತರರು ಚೀಟಿ ನೋಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು:

“ನಿಯಮದ ಪ್ರಕಾರ, ಸೋತ್ರೂ ನಾಕು ಟ್ರೈ ಹೊಡೆದವರಿಗೆ ಲೀಗಿನಾಗ ಒಂದು ಅಂಕ. ಏಳರ ಒಳಗ ಸೋತವರಿಗೆ ಇನ್ನೊಂದು. ಟಿಕೋಟಾದವರಿಗೆ ಎರಡು ಅಂಕ ಬಂದೈತಿ.”

“ಹಂಗಾದ್ರ ನಾವು ಈಗ ಎಷ್ಟನೇದವರ್ರಿ?” ಭಾಗಪ್ಪ ಆಸೆಯಿಂದ ಕೇಳಿದ.

“ಕಡೇದವರ.”

“ಆದ್ರೂ ಎರಡು ಅದಾವಲ್ರಿ!”

“ಅದಾವ,” ಎಂದರು ಮಾಸ್ತರರು ಗಂಭೀರವಾಗಿ.

ಬೇವಿನ ಮರದ ಕೆಳಗೆ ಚೇತನಕುಮಾರನನ್ನು ಕೂಡ್ರಿಸಿದರು. ಅವನು ತಪ್ಪಿಸಿಕೊಳ್ಳಲು ನೋಡಲಿಲ್ಲ, ಮಾತು ಕೊಟ್ಟಿದ್ದ. ಭಾಗಪ್ಪ ಹೆಗಲಿಗೆ ಟವೆಲ್ ಹೊದಿಸಿ, ನೊರೆ ಹಚ್ಚಿ, “ಗಲ್ಲ ಎತ್ರಿ ಕ್ಯಾಪ್ಟನ್” ಎಂದು ಬಹಳ ಮರ್ಯಾದೆಯಿಂದ ಕೆಲಸ ಶುರುಮಾಡಿದ. ಎರಡೂ ತಂಡ ಸುತ್ತ ನಿಂತು ಉಸಿರು ಬಿಗಿಹಿಡಿದು ನೋಡಿತು. ಮೀಸೆ ಹೋದ ಮೇಲೆ ಉಳಿದ ಮುಖ ನೋಡಿ ವಿದ್ಯಾವತಿ ಕೆನ್ನೆಗೆ ಕೈ ಇಟ್ಟುಕೊಂಡಳು.

“ಯವ್ವಾ, ಹತ್ತನೇ ಇಯತ್ತೆ ಪರೀಕ್ಷಾಕ್ಕ ಹೊಂಟ ಹುಡುಗ ಬಂದಾನಲ್ಲಬೇ!”

ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ, ಗಡಿಗೆ ಮೊಸರು. ವಿದ್ಯಾವತಿ ತಂದದ್ದು ಇವರಿಗೆ, ಮುರಿಗೆವ್ವ ತಂದದ್ದು ಅವರಿಗೆ. ಇದ್ದ ಮೋಸಂಬಿ ಎಲ್ಲರಿಗೂ ಸರಿಯಾಯಿತು. ಊಟದ ನಡುವೆ ಚೇತನಕುಮಾರ ಬರಿ ತುಟಿ ಮುಟ್ಟಿಕೊಳ್ಳುತ್ತ ಸಿದ್ದಲಿಂಗೇಶನ ಹತ್ತಿರ ಸರಿದು ಕೂತ.

“ಮಾಮಾ, ಆ ನಾಕನೇ ಟ್ರೈ ಐತಲ್ಲ, ಅದನ್ನ ಯಾರು ಕಲಿಸಿದ್ರು?”

“ಯಾರೂ ಇಲ್ಲೋ. ನಮಗೂ ಗೊತ್ತಾಗ್ಲಿಲ್ಲ, ಆಗಿ ಹೋತು.”

“ನಾನೂ ಎರಡು ವರ್ಷದಿಂದ ನಮ್ಮವರಿಗೆ ಅದನ್ನ ಹೇಳಿಕೊಡಾಕತ್ತೇನಿ. ಇನ್ನೂ ಬಂದಿಲ್ಲ,” ಎಂದ ಚೇತನ. ಅದರಲ್ಲಿ ತಮಾಷೆ ಇರಲಿಲ್ಲ. ಸಿದ್ದಲಿಂಗೇಶ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ.

ಮರುದಿನ ಸಿದ್ದಲಿಂಗೇಶ ಅಂಗಡಿ ತೆಗೆದನಾದರೂ ಕೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಮೇಲಿನ ಕಪಾಟಿನ ಔಷಧ ಕೇಳಿದವರಿಗೆಲ್ಲ “ನೀವ ತಗೋರಿ” ಎನ್ನುತ್ತಿದ್ದ. ಯಾಕೆಂದು ಕೇಳಿದವರಿಗೆ ಆಟವನ್ನು ಮೊದಲಿನಿಂದ ಹೇಳುತ್ತಿದ್ದ. ಸೋತದ್ದನ್ನು ಮುಚ್ಚಿಡಲಿಲ್ಲ, ಇರ್ಫಾನನಿಗೆ ಚೆಂಡು ಕೊಡದೆ ಹೋದದ್ದನ್ನೂ ಬಿಡದೆ ಹೇಳಿದ. ಹೇಳಿದಷ್ಟೂ ಆ ಕೊನೆಯ ಓಟ ಅವನಿಗೆ ಹೆಚ್ಚು ಚೆನ್ನಾಗಿ ಕಾಣತೊಡಗಿತು.

ಮಧ್ಯಾಹ್ನದ ಹೊತ್ತಿಗೆ ಉಮರ ಎಂಬ ರೈತ ಬೂದಿ ರೋಗದ ಪುಡಿ ಒಯ್ಯಲು ಬಂದ. ಐವತ್ತರ ಆಸುಪಾಸು, ಸಣಕಲು ಮೈ, ತಲೆಗೆ ಟವೆಲ್ ಸುತ್ತಿದ್ದ. ತೋಟದಲ್ಲಿ ಆಳು ಕಾಯುತ್ತಿದ್ದಾರೆಂದು ಅವಸರ ಮಾಡುತ್ತಲೇ ಬಂದವನು, ಲಾಡಲೇಸಾಬ ಮೂವರನ್ನು ಹೊತ್ತುಕೊಂಡು ಹೋದಲ್ಲಿಗೆ ಬಂದಾಗ ಚೀಲ ಕೆಳಗಿಟ್ಟ. ಕೊನೆಯವರೆಗೂ ನಿಂತು ಕೇಳಿ ಚೀಲ ಹೊತ್ತು ಹೊರಟ. ರಸ್ತೆ ದಾಟಿದವನು ಮತ್ತೆ ತಿರುಗಿ ಬಂದು ಅಂಗಡಿಯ ಕಟ್ಟೆಯ ಮುಂದೆ ನಿಂತ.

“ಅಲ್ಲರಿ ಸಾವಕಾರ, ನನ್ನಂಥಾಂವ ಬಂದ್ರ ನಡೀತೈತೇನು?”

“ಓಡಾಕ ಬರ್ತೈತೇನ್ರಿ?”

ಉಮರ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

“ಓಡಾಕ ಬರಂಗಿಲ್ಲ. ಬಿದ್ರ ಏಳಾಕ ಬರ್ತೈತಿ.”

“ಭಾನುವಾರ ಮುಂಜಾನೆ ಪ್ರಾಕ್ಟೀಸಿಗೆ ಬರ್ರಿ,” ಎಂದ ಸಿದ್ದಲಿಂಗೇಶ.